ಹಳೇ ಎಸ್‌ಎಲ್‌ಕೆಗೆ 17 ಇಂಚಿನ ಅಲಾಯ್: ಎಷ್ಟು ಮಿ.ಮೀ. ಸ್ಪೇಸರ್ ಹಾಕಬೇಕು?

ಬೆಣ್ಣೆದೋಸೆ17 (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಎರಡು ವರ್ಷದ ಹಿಂದೆ ಬೆಂಗಳೂರಿನ ಒಬ್ಬರಿಂದ 2003ರ ಮರ್ಸಿಡಿಸ್ ಎಸ್‌ಎಲ್‌ಕೆ 200 ಕಂಪ್ರೆಸರ್ ತಗೊಂಡೆ. ಆರ್170 ಮಾಡೆಲ್. ಎರಡೇ ಸೀಟು, ಬಟನ್ ಒತ್ತಿದರೆ ಚಾವಣಿ ಮಡಚಿಕೊಂಡು ಡಿಕ್ಕಿಗೆ ಹೋಗಿ ಕೂರುತ್ತೆ. ನಮ್ಮಮ್ಮ ಇದನ್ನ 'ಮುಚ್ಚಳದ ಕಾರು' ಅಂತಾರೆ.

ಹೋದ ತಿಂಗಳು ಗೆಳೆಯನೊಬ್ಬ ತನ್ನ ಸಿ-ಕ್ಲಾಸ್‌ಗೆ (ಡಬ್ಲ್ಯು204) ಹೊಸ ಚಕ್ರ ಹಾಕಿಸಿದ. ಅವನ ಹಳೇ 17 ಇಂಚಿನ ಅಲಾಯ್ ನಾಲ್ಕೂ ನನಗೆ ಸಿಕ್ಕಿದವು, 225/45 ಟೈರ್ (225 ಮಿ.ಮೀ. ಅಗಲ, ಪಕ್ಕದ ಗೋಡೆಯ ಎತ್ತರ ಅದರ ಶೇ. 45) ಸಮೇತ. ನನ್ನವು 16 ಇಂಚು. ಬೋಲ್ಟ್ ತೂತು ಸರಿಯಾಗಿ ಕೂತವು. ಆದರೆ ಹಾಕಿ ಹಿಂದೆ ಸರಿದು ನೋಡಿದರೆ ಹಿಂದಿನ ಚಕ್ರ ಹಲ್ಲಿಲ್ಲದ ಅಜ್ಜನ ಕೆನ್ನೆ ಥರ ಒಳಗೆ ಹೋಗಿಬಿಟ್ಟಿದೆ. ಮುಂದೆ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಸರ್ರ್ ಅಂತ ಏನೋ ಉಜ್ಜುತ್ತೆ.

ಟೈರ್ ಅಂಗಡಿಯವರನ್ನು ಕೇಳಿದೆ. 'ನಾಲ್ಕಕ್ಕೂ 20 ಎಂಎಂ ಸ್ಪೇಸರ್ ಹಾಕಿ ಸರ್, ಆರಾಮಾಗಿ ಓಡಿಸಿ' ಅಂದರು. ಆನ್‌ಲೈನ್‌ನಲ್ಲಿ ಜೋಡಿಗೆ ಎರಡು ಸಾವಿರದ ಒಳಗೇ ಇವೆ. ಸ್ಪೇಸರ್ ಅಂದರೆ ಚಕ್ರಕ್ಕೂ, ಚಕ್ರ ಬಿಗಿಯೋ ಹಬ್‌ಗೂ ನಡುವೆ ಇಡೋ ಲೋಹದ ಬಿಲ್ಲೆ. ತಗೊಳ್ಳಲಾ?

ಜೋಗಿಮಟ್ಟಿ_ಗಾಳಿ (ಚಿತ್ರದುರ್ಗ)

ತಗೋಬೇಡಿ, ಒಂದು ನಿಮಿಷ ತಡೀರಿ. ಸ್ಪೇಸರ್ ಇರೋದು ದೊಡ್ಡ ಚಕ್ರ ಕೂರಿಸೋದಕ್ಕಲ್ಲ. ಚಕ್ರದ ಆಫ್‌ಸೆಟ್ ಗಾಡಿಗೆ ಹೊಂದದೇ ಇದ್ದಾಗ ಆ ವ್ಯತ್ಯಾಸ ತುಂಬೋದಕ್ಕೆ. ವ್ಯತ್ಯಾಸ ಎಷ್ಟು ಅಂತ ಗೊತ್ತಿಲ್ಲದೆ 20 ಅನ್ನೋದು, ಕಾಲು ನೋಡದೆ ಚಪ್ಪಲಿ ಕೊಟ್ಟ ಹಾಗೆ.

ಹಳೇ ಚಕ್ರ ಬಿಚ್ಚಿ ಹಿಂಭಾಗ ತೊಳೆಯಿರಿ. ಕಡ್ಡಿಗಳ ಒಳಗಡೆ ಎಲ್ಲಾದರೂ '7ಜೆ', 'ಇಟಿ' ಅಂತ ಅಚ್ಚು ಇರುತ್ತೆ. ಜೆಗೆ ಮೊದಲು ಇರೋ ಅಂಕಿ ಅಗಲ, ಇಂಚಿನಲ್ಲಿ. ಇಟಿ ಆದಮೇಲೆ ಬರೋ ಅಂಕಿ ಆಫ್‌ಸೆಟ್, ಮಿ.ಮೀ.ನಲ್ಲಿ. ಅಂದರೆ ಚಕ್ರದ ನಟ್ಟನಡು ಗೆರೆಯಿಂದ ಹಬ್‌ಗೆ ಅಂಟೋ ಮುಖ ಎಷ್ಟು ಹೊರಗಿದೆ ಅಂತ. ಇಟಿ ಜಾಸ್ತಿ ಆದಷ್ಟೂ ಚಕ್ರ ಒಳಗೆ ಹೋಗುತ್ತೆ. ಮುಂದಿನದು, ಹಿಂದಿನದು, ಹೊಸದು ಮೂರರದ್ದೂ ಹಾಕಿ.

ಬೆಣ್ಣೆದೋಸೆ17

ತೊಳೆದೆ. ಬ್ರೇಕ್ ಧೂಳು ಅರ್ಧ ಕೆಜಿ ಬಂತು.

ಹಳೇದು ಮುಂದೆ: 7ಜೆ × 16, ಇಟಿ 37, ಟೈರ್ 205/55.
ಹಳೇದು ಹಿಂದೆ: 8ಜೆ × 16, ಇಟಿ 30, ಟೈರ್ 225/50.
ಹೊಸದು ನಾಲ್ಕೂ: 7.5ಜೆ × 17, ಇಟಿ 47, ಟೈರ್ 225/45.

ಹಿಂದೆ ಮುಂದೆ ಬೇರೆ ಬೇರೆ ಇದೆ ಅನ್ನೋದೇ ನನಗೆ ಈಗ ಗೊತ್ತಾಗಿದ್ದು.

ಜೋಗಿಮಟ್ಟಿ_ಗಾಳಿ

ಇದೇ ನೋಡಿ ವಿಷಯ. ಮೊದಲು ಒಳ್ಳೇ ಸುದ್ದಿ. ಎರಡೂ ಗಾಡಿಗೆ 5 ಬೋಲ್ಟ್, ಅವು ಕೂರೋ ವೃತ್ತ 112 ಮಿ.ಮೀ. ನಡುವಿನ ತೂತು ಎರಡಕ್ಕೂ 66.6. ಅಲ್ಲಿ ತಕರಾರಿಲ್ಲ.

ಟೈರಿನ ಎತ್ತರವೂ ಸರಿ ಇದೆ. ಹಳೇ 205/55 ಟೈರಿನ ಒಟ್ಟು ವ್ಯಾಸ ಸುಮಾರು 632 ಮಿ.ಮೀ., ಹೊಸ 225/45ದು 634. ಸ್ಪೀಡೋಮೀಟರ್‌ಗೆ ಗೊತ್ತೂ ಆಗಲ್ಲ.

ಇನ್ನು ಆಫ್‌ಸೆಟ್. ಮುಂದೆ 7ಜೆ ಅಂದರೆ 177.8 ಮಿ.ಮೀ. ಅಗಲ. ಅರ್ಧ 88.9. ಇದಕ್ಕೆ 37 ಕೂಡಿಸಿದರೆ ಒಳ ಅಂಚು ಹಬ್ ಮುಖದಿಂದ 125.9 ಒಳಗೆ. ಹೊಸದು 190.5 ಅಗಲ, ಅರ್ಧ 95.25, ಕೂಡಿಸು 47, ಅಂದರೆ 142.25. ಹದಿನಾರೂ ಚಿಲ್ಲರೆ ಮಿ.ಮೀ. ಒಳಗೆ ನುಗ್ಗಿದೆ. ಸರ್ರ್ ಅನ್ನದೇ ಇನ್ನೇನು ಮಾಡುತ್ತೆ? 10 ಮಿ.ಮೀ. ಸ್ಪೇಸರ್ ಹಾಕಿದರೆ ಇಟಿ 47 ಇದ್ದದ್ದು 37 ಆಗುತ್ತೆ, ಹಳೇದರ ಸಮ. ಆಗ ಒಳಗೂ ಹೊರಗೂ ತಲಾ 6.35 ಮಾತ್ರ ಜಾಸ್ತಿ.

ಹಿಂದೆ ಇಟಿ 30 ಬೇಕು, ಇರೋದು 47. ಅಲ್ಲಿ 17 ಮಿ.ಮೀ. ಬೇಕು. ಅಂಗಡಿಯಲ್ಲಿ ಸಿಗೋದು 15 ಇಲ್ಲಾ 20. ರಿಮ್ಮಿನ ಅಂಚು ನೋಡಿದರೆ 20 ಹಾಕಿದರೂ ಹಳೇದಕ್ಕಿಂತ ಮೂರು ಮಿ.ಮೀ. ಒಳಗೇ ಇರುತ್ತೆ. ಹಾಗಾಗಿ ಮುಂದೆ 10, ಹಿಂದೆ 20.

ಪಿಬಿ_ರೋಡ್_ಮಂಜ (ದಾವಣಗೆರೆ)

17 ಯಾಕೆ ಗುರು, 18 ಹಾಕು. ಮುಖ ತುಂಬುತ್ತೆ.

ಕೋಟೆ_ಕೆಳಗಿನ_ಕೇರಿ (ಚಿತ್ರದುರ್ಗ)

ಮಂಜಣ್ಣ, ನೀವು ಮಳೆಗಾಲ ಕಳೆದ ಮೇಲೆ ನಮ್ಮೂರಿನ ಒಳರಸ್ತೆಗೆ ಒಂದು ಸಲ ಬನ್ನಿ, ಆಮೇಲೆ 18ರ ಮಾತು ಆಡೋಣ. 16ರಲ್ಲಿ ಟೈರಿನ ಗೋಡೆ 112 ಮಿ.ಮೀ. ಇರುತ್ತೆ. 17ರಲ್ಲಿ 101. 225/40 ಹಾಕಿ 18ಕ್ಕೆ ಹೋದರೆ ಬರೀ 90. ಗುಂಡಿಗೆ ಬಿದ್ದಾಗ ರಿಮ್ ಉಳಿಸೋದು ಆ ಗೋಡೆಯೇ.

ಜೋಗಿಮಟ್ಟಿಯವರೇ, ನಿಮ್ಮ ಲೆಕ್ಕದಲ್ಲಿ ಒಂದು ತಪ್ಪು. ನೀವು ರಿಮ್ ಅಂಚು ಅಳೆದಿದ್ದೀರಿ. ಉಜ್ಜೋದು ರಿಮ್ ಅಲ್ಲ, ಟೈರಿನ ಹೊಟ್ಟೆ. ಮುಂದೆ 205 ಹೋಗಿ 225 ಬಂದಿದೆ. ಇಟಿ ಸಮ ಮಾಡಿದರೂ ಟೈರ್ ಎರಡೂ ಕಡೆ ತಲಾ 10 ಮಿ.ಮೀ. ದಪ್ಪ, 6.35 ಅಲ್ಲ. ಹಿಂದೆ ಹಳೇದೂ 225, ಹೊಸದೂ 225. ಅಲ್ಲಿ ಟೈರಿನ ಜಾಗ ತೀರ್ಮಾನ ಮಾಡೋದು ಇಟಿ ಒಂದೇ. 20 ಹಾಕಿದರೆ ಹಳೇ ಜಾಗಕ್ಕಿಂತ 3 ಮಿ.ಮೀ. ಹೊರಗೆ. 15 ಹಾಕಿದರೆ 2 ಮಿ.ಮೀ. ಒಳಗೆ. ನಾನಾದರೆ 15 ಹಾಕ್ತೀನಿ.

ಅಂದಹಾಗೆ ಅಂಗಡಿಯವರ ಮಾತು ಕೇಳಿ ಮುಂದೆ 20 ಹಾಕಿದ್ದರೆ ಟೈರ್ ಹಳೇದಕ್ಕಿಂತ ಪೂರ್ತಿ 20 ಮಿ.ಮೀ. ಹೊರಗೆ ಬರುತ್ತಿತ್ತು. ಮೊದಲನೇ ಹಂಪ್‌ಗೇ ಮಡ್‌ಗಾರ್ಡ್ ಅಂಚು ಟೈರ್ ಕೆರೆಯುತ್ತಿತ್ತು.

ಜೋಗಿಮಟ್ಟಿ_ಗಾಳಿ

ಒಪ್ಪಿದೆ. ಟೈರ್ ಮರೆತೇಬಿಟ್ಟೆ. ಮುಂದೆ 10, ಹಿಂದೆ 15.

ಬೆಣ್ಣೆದೋಸೆ17

15 ಹಾಕಿದರೆ ರಿಮ್ ಇನ್ನೂ ಒಳಗೇ ಕಾಣುತ್ತಲ್ವಾ? ನನಗೆ ಆ ಕೆನ್ನೆ ತುಂಬಬೇಕಿತ್ತು.

ಕೋಟೆ_ಕೆಳಗಿನ_ಕೇರಿ

ಹಳೇ 8ಜೆ ಚಕ್ರದ ಅಗಲ ಇದಕ್ಕಿಲ್ಲ. ಎಷ್ಟು ಸ್ಪೇಸರ್ ಹಾಕಿದರೂ ಅದು ಬರಲ್ಲ ಬಿಡಿ. ಅಜ್ಜನಿಗೆ ಹಲ್ಲು ಸೆಟ್ ಕಟ್ಟಿಸಬಹುದು, ಪ್ರಾಯ ಬರಲ್ಲ.

ಪಿಬಿ_ರೋಡ್_ಮಂಜ

ಆನ್‌ಲೈನ್ ಯಾಕೆ? ನಮ್ಮ ಕಡೆ ಲೇತಿನವರು ಇಲ್ವಾ? ಅಲ್ಯೂಮಿನಿಯಂ ತುಂಡು ಕೊಟ್ಟರೆ ಮಧ್ಯಾಹ್ನದೊಳಗೆ ನಾಲ್ಕು ಬಿಲ್ಲೆ ತಿರುಗಿಸಿ ಕೊಡ್ತಾರೆ.

ಹರಿಹರದ_ಟರ್ನರ್ (ಹರಿಹರ)

ನಾನು ಮೂವತ್ತು ವರ್ಷ ಲೇತಿನ ಮುಂದೆ ನಿಂತವನು. ಮೈಸೂರು ಕಿರ್ಲೋಸ್ಕರ್ ಲೇತು ತಯಾರಾಗುತ್ತಿದ್ದ ಊರಿನವನು. ಹಾಗಾಗಿ ಈ ಮಾತು ಕೇಳಿ ಸುಮ್ನೆ ಇರೋಕೆ ಆಗಲಿಲ್ಲ.

ಮಂಜಪ್ಪ, ಬಿಲ್ಲೆ ತಿರುಗಿಸೋದು ಕಷ್ಟ ಅಲ್ಲ. ಆ 'ತುಂಡು' ಯಾವುದು ಅಂತ ಯಾರಿಗೂ ಗೊತ್ತಿಲ್ಲ, ಕಷ್ಟ ಇರೋದು ಅಲ್ಲಿ. ಗುಜರಿಯಲ್ಲಿ ಸಿಗೋದು ಬಹಳ ಸಲ ಎರಕದ ಅಲ್ಯೂಮಿನಿಯಂ. ಒಳಗೆ ಗಾಳಿಗುಳ್ಳೆ ಇರುತ್ತೆ, ಮೇಲೆ ಪಾಲಿಶ್ ಹೊಡೆದರೆ ಕನ್ನಡಿ ಥರ ಹೊಳೆಯುತ್ತೆ. ಬೋಲ್ಟ್ ಬಿಗಿದಾಗ ಅಂಥದ್ದು ಅಮುಕಿಕೊಂಡು ಕೂರುತ್ತೆ, ಬೋಲ್ಟ್ ಸಡಿಲ ಆಗುತ್ತೆ. ಬೇಕಾದ್ದು 6061-ಟಿ6 ಇಲ್ಲಾ 7075 ದರ್ಜೆಯ ಬಾರ್, ಬಿಲ್ ಸಮೇತ.

ಇನ್ನೊಂದು ವಿಷಯ. ನಿಮ್ಮ ಹಬ್ ನಡುವೆ ಒಂದು ಉಂಗುರ ಎದ್ದಿರುತ್ತೆ, 66.6ದು. ಚಕ್ರ ನಟ್ಟನಡುವೆ ಕೂರೋದು ಅದರ ಮೇಲೆ. ಸ್ಪೇಸರ್ ಹಾಕಿದಾಗ ಆ ಉಂಗುರ ಸ್ಪೇಸರ್ ಒಳಗೆ ಮುಚ್ಚಿಹೋಗುತ್ತೆ. ಆಗ ಸ್ಪೇಸರ್‌ನ ಹೊರಮುಖಕ್ಕೂ ಅಂಥದ್ದೇ ಉಂಗುರ ಇರಬೇಕು. ಅಂಗಡಿಯವರಿಗೆ 'ಹಬ್ ಸೆಂಟ್ರಿಕ್' ಅಂದರೆ ಗೊತ್ತಾಗುತ್ತೆ. ಬರೀ ಚಪ್ಪಟೆ ಬಿಲ್ಲೆ ಹಾಕಿದರೆ ಚಕ್ರ ಬೋಲ್ಟ್‌ಗಳ ಮೇಲೆ ನೇತಾಡುತ್ತೆ. 80ರ ಮೇಲೆ ಸ್ಟೇರಿಂಗ್ ನಡುಗೋಕೆ ಶುರು. ಅಲೈನ್‌ಮೆಂಟು, ಬ್ಯಾಲೆನ್ಸಿಂಗು ಅಂತ ದುಡ್ಡು ಸುರಿದರೂ ಹೋಗಲ್ಲ.

ಮೂರು, ಐದು ಮಿ.ಮೀ.ನ ತೆಳು ಬಿಲ್ಲೆಗೆ ಉಂಗುರ ಮಾಡೋಕೆ ಜಾಗ ಇರಲ್ಲ, ಅದಕ್ಕೆ ಗಾಡಿಯ ಉಂಗುರವೇ ಗತಿ. ನಿಮ್ಮ 10, 15ಕ್ಕೆ ಉಂಗುರ ಇರೋದು ಸಿಗುತ್ತೆ. ಎರಡು ಬಿಲ್ಲೆ ಒಂದರ ಮೇಲೊಂದು ಇಟ್ಟು 15 ಮಾಡ್ತೀನಿ ಅಂತ ಮಾತ್ರ ಹೊರಡಬೇಡಿ.

ನಾನೇ ಮಾಡಿಕೊಡಬಹುದು, ಆದರೆ ಮಾಡಲ್ಲ. ಬೆಂಗಳೂರಿನ ಜೆ.ಸಿ. ರೋಡಿಗೆ ಹೋದಾಗ ಒಳ್ಳೇದು ನೋಡಿ ತಗೊಳ್ಳಿ.

ಹಳೇ_ಸಿಕ್ಲಾಸ್ (ದಾವಣಗೆರೆ)

ಬೋಲ್ಟ್ ಬಗ್ಗೆ ಯಾರೂ ಮಾತಾಡಿಲ್ಲ. ನನ್ನ ಕಥೆ ಕೇಳಿ.

ನನ್ನದು ಡಬ್ಲ್ಯು202 ಸಿ-ಕ್ಲಾಸ್, ಬೆಣ್ಣೆದೋಸೆಯವರ ಎಸ್‌ಎಲ್‌ಕೆ ಹುಟ್ಟಿದ್ದೇ ಅದರ ತಳಹದಿಯ ಮೇಲೆ. ನಾಲ್ಕು ವರ್ಷದ ಹಿಂದೆ ಹಿಂದಿನ ಚಕ್ರಕ್ಕೆ ಸ್ಪೇಸರ್ ಹಾಕಿಸಿದೆ. ಹಾಕಿದವರ ಹತ್ತಿರ ಇದ್ದದ್ದು ಒಂದೇ ಅಳತೆಯ ಉದ್ದ ಬೋಲ್ಟ್. 'ಉದ್ದ ಇದ್ದಷ್ಟೂ ಗಟ್ಟಿ' ಅಂದರು. ನಾನೂ ತಲೆ ಆಡಿಸಿದೆ.

ಮನೆಗೆ ಬರೋ ದಾರಿಯಲ್ಲಿ ಹಿಂದಿನಿಂದ ಟಕ್ ಟಕ್ ಟಕ್. ಕಲ್ಲು ಸಿಕ್ಕಿರಬೇಕು ಅಂದುಕೊಂಡೆ. ವಿದ್ಯಾನಗರ ದಾಟೋ ಹೊತ್ತಿಗೆ ಶಬ್ದ ನಿಂತಿತು. ಖುಷಿ ಆಯ್ತು. ಮನೆ ಮುಂದೆ ಇಳಿಜಾರಿನಲ್ಲಿ ನಿಲ್ಲಿಸಿ ಪಾರ್ಕಿಂಗ್ ಬ್ರೇಕ್ ಒತ್ತಿ ಇಳಿದೆ. ಗಾಡಿ ಮೆಲ್ಲಗೆ ಹಿಂದಕ್ಕೆ ಹೊರಟಿತು. ಓಡಿ ಹೋಗಿ ಗೇಟಿನ ಕಲ್ಲು ಕೊಟ್ಟೆ.

ಈ ಗಾಡಿಗಳಲ್ಲಿ ಹಿಂದಿನ ಡಿಸ್ಕ್‌ನ ಹೊಟ್ಟೆಯೊಳಗೆ ಒಂದು ಪುಟ್ಟ ಡ್ರಮ್ ಇರುತ್ತೆ. ಪಾರ್ಕಿಂಗ್ ಬ್ರೇಕಿನ ಶೂ ಇರೋದು ಅದರಲ್ಲಿ. ಬೋಲ್ಟ್ ಉದ್ದ ಆದರೆ ಹಬ್ ದಾಟಿ ಅಲ್ಲಿಗೆ ಹೊಕ್ಕುತ್ತೆ. ನನ್ನ ಬೋಲ್ಟ್ ತುದಿಗಳು ಸ್ಪ್ರಿಂಗ್ ಕತ್ತರಿಸಿ, ಶೂ ಬುಡ ಮೇಲು ಮಾಡಿದ್ದವು. ಡಿಸ್ಕ್ ಬಿಚ್ಚಿದಾಗ ಸ್ಪ್ರಿಂಗ್ ತುಂಡುಗಳು ಮಂಡಕ್ಕಿ ಥರ ಉದುರಿದವು.

ಆದ್ದರಿಂದ: ಹಳೇ ಬೋಲ್ಟಿನ ತಲೆಯ ಕೆಳಗಿನ ಉದ್ದ ಅಳೆಯಿರಿ. ಅದಕ್ಕೆ ಸ್ಪೇಸರ್ ದಪ್ಪ ಕೂಡಿಸಿ. ಮುಂದೆ 10, ಹಿಂದೆ 15, ಅಷ್ಟೇ. ಕಮ್ಮಿಯೂ ಬೇಡ. ಎಂ12 × 1.5 ಬೋಲ್ಟ್ (12 ಮಿ.ಮೀ. ದಪ್ಪ, ತಿರುಪಿನ ದಾರದ ಅಂತರ 1.5 ಮಿ.ಮೀ.) ಕೈಯಲ್ಲಿ ತಿರುಗಿಸಿದಾಗ ಕೊನೇ ಪಕ್ಷ ಆರೂವರೆ ಸುತ್ತು ಹಿಡಿಯಬೇಕು. ಹಾಕಿದ ಮೇಲೆ ಹ್ಯಾಂಡ್‌ಬ್ರೇಕ್ ಬಿಟ್ಟು, ಗಾಡಿ ಜಾಕ್ ಮೇಲೆ ಇರುವಾಗಲೇ ಚಕ್ರ ಕೈಯಲ್ಲಿ ತಿರುಗಿಸಿ. ಕಿವಿ ಕೊಟ್ಟು ಕೇಳಿ.

ಬೆಣ್ಣೆದೋಸೆ17

ಯಪ್ಪಾ. ಅಣ್ಣಾ, ನಿಮಗೆ ಒಂದು ಓಪನ್ ಬೆಣ್ಣೆ ದೋಸೆ ಬಾಕಿ.

ಬೋಲ್ಟ್ ಅಳೆಯೋಕೆ ಹೋಗಿ ಇನ್ನೊಂದು ಕಂಡೆ. ಗೆಳೆಯ ಅವನ ಸಿ-ಕ್ಲಾಸ್ ಬೋಲ್ಟ್ ಕೂಡ ಕೊಟ್ಟಿದ್ದ. ಅವು ನನ್ನವಕ್ಕಿಂತ ದಪ್ಪ, ನನ್ನ ಹಬ್‌ಗೆ ಹೋಗೋದೇ ಇಲ್ಲ. ನನ್ನ ಬೋಲ್ಟ್ ಅವನ ಚಕ್ರದ ತೂತಿನಲ್ಲಿ ಕೂರುತ್ತೆ, ಆದರೆ ಸ್ವಲ್ಪ ಅಲ್ಲಾಡುತ್ತೆ. ಪರವಾಗಿಲ್ವಾ?

ಹರಿಹರದ_ಟರ್ನರ್

ಪರವಾಗಿದೆ! ಅದನ್ನ ಹಾಗೇ ಬಿಗಿದು ಓಡಿಸಿದ್ದೀರಾ?

ನಿಮ್ಮ ಎಸ್‌ಎಲ್‌ಕೆಯದು ಎಂ12. ಡಬ್ಲ್ಯು204 ಎಂ14. ಎರಡರ ಬೋಲ್ಟ್ ತಲೆಯ ಕೆಳಗೂ ಚೆಂಡಿನ ಆಕಾರ ಇರುತ್ತೆ. ಎಂ12ರದ್ದು 12 ಮಿ.ಮೀ. ತ್ರಿಜ್ಯ, ಎಂ14ರದ್ದು 14. ಚಕ್ರದ ಕುಳಿ 14ಕ್ಕೆ ಕೊರೆದದ್ದು. 12ರ ಚೆಂಡು ಅದರಲ್ಲಿ ಪೂರ್ತಿ ಮೈ ಅಂಟಿಸಿ ಕೂರಲ್ಲ, ಒಂದು ಗೆರೆಯ ಮೇಲೆ ಮಾತ್ರ ತಾಗುತ್ತೆ. ಪಾನಾದಲ್ಲಿ ಬಿಗಿದಾಗ ಗಟ್ಟಿ ಅನಿಸುತ್ತೆ. ಓಡಿದ ಮೇಲೆ ಆ ಗೆರೆ ಸವೆದು ಸಡಿಲ ಆಗುತ್ತೆ.

ಪರೀಕ್ಷೆ ಮಾಡಿ ನೋಡಿ. ಬೋಲ್ಟಿನ ಚೆಂಡಿಗೆ ಮಾರ್ಕರ್ ಬಣ್ಣ ಬಳಿದು ಚಕ್ರದ ತೂತಿಗೆ ಒತ್ತಿ ತಿರುಗಿಸಿ ತೆಗೆಯಿರಿ. ಬಣ್ಣ ಅಗಲವಾಗಿ ಅಳಿಸಿದ್ದರೆ ಸರಿ. ಬಳೆ ಥರ ತೆಳು ಗೆರೆ ಬಂದಿದ್ದರೆ ತಪ್ಪು.

ನಿಮಗೆ ಬೇಕಾದ್ದು: ದಾರ ಎಂ12 × 1.5, ತಲೆಯ ಚೆಂಡು 14 ತ್ರಿಜ್ಯ. ಸಿಗುತ್ತೆ, ಹುಡುಕಬೇಕು ಅಷ್ಟೇ.

ಬೆಣ್ಣೆದೋಸೆ17

ಬಣ್ಣ ಬಳಿದು ನೋಡಿದೆ. ಐದಕ್ಕೆ ಐದೂ ಬಳೆ. ಹೊಸ ಚಕ್ರ ಬಿಚ್ಚಿ ಹಳೇ 16 ವಾಪಸ್ ಹಾಕಿದ್ದೇನೆ. ಆ ಹೊಸ ಚಕ್ರದಲ್ಲೇ ಗಾಜಿನ ಮನೆ ತನಕ ಎರಡು ಸಲ ಹೋಗಿ ಬಂದಿದ್ದೆ. ಮನೆಯಲ್ಲಿ ಹೇಳಿಲ್ಲ.

ಮಾರಿಕಣಿವೆ (ಹಿರಿಯೂರು)

ಸಂಭ್ರಮದ ನಡುವೆ ಕಹಿ ಮಾತು ಆಡ್ತೀನಿ, ಬೇಜಾರಾಗಬೇಡಿ. 2003ರ ಗಾಡಿ ಅಂದರೆ 15 ವರ್ಷದ ನೋಂದಣಿ 2018ಕ್ಕೇ ಮುಗಿದು, ಐದೈದು ವರ್ಷಕ್ಕೆ ನವೀಕರಣ ಆಗ್ತಾ ಇರುತ್ತೆ. ಪ್ರತಿ ಸಲ ಆರ್‌ಟಿಒದವರು ಗಾಡಿ ನೋಡ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ರೂಪ ಬದಲಾಯಿಸೋದನ್ನ ತಡೆಯುತ್ತೆ. ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಅದನ್ನೇ ಒತ್ತಿ ಹೇಳಿದೆ. ಟೈರ್ ಮಡ್‌ಗಾರ್ಡಿನಿಂದ ಹೊರಗೆ ಇಣುಕಿದರೆ ಮೊದಲು ಕಣ್ಣಿಗೆ ಬೀಳೋದು ಅದೇ. ಇನ್ಶೂರೆನ್ಸ್‌ನವರಿಗೂ ಮೊದಲೇ ಬರೆದು ತಿಳಿಸಿ. ಆಮೇಲೆ ಕ್ಲೇಮ್ ಹೊತ್ತಲ್ಲಿ ಸ್ಪೇಸರ್ ಕಂಡರೆ ಅವರಿಗೆ ಅದೇ ನೆಪ.

ನನ್ನ ಕೇಳಿದರೆ ಆ ಚಕ್ರ ಮಾರಿ, ಇಟಿ 37, ಇಟಿ 30 ಇರೋ ಎಸ್‌ಎಲ್‌ಕೆಯದ್ದೇ 17 ಇಂಚಿನ ಸೆಟ್ ಹುಡುಕಿ. ಸ್ಪೇಸರ್ ರಗಳೆಯೇ ಇಲ್ಲ.

ಜೋಗಿಮಟ್ಟಿ_ಗಾಳಿ

ಮಾರಿಕಣಿವೆಯವರು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಆ ಸೆಟ್ ಸಿಗಬೇಕಲ್ಲ. ನಾನೇ ಎಂಟು ತಿಂಗಳಿಂದ ಬೇರೆ ಗಾಡಿಗೆ ಹುಡುಕ್ತಾ ಇದ್ದೀನಿ.

ಹಾಕೋದೇ ಆದರೆ ಇದೊಂದು ಮಾಡಿ. ಚಪಾತಿ ಹಿಟ್ಟು ಸ್ವಲ್ಪ ಗಟ್ಟಿಯಾಗಿ ಕಲಸಿ ನಿಂಬೆ ಗಾತ್ರದ ಉಂಡೆ ಮಾಡಿ. ಮುಂದಿನ ಚಕ್ರದ ಒಳಗಡೆ ಸಸ್ಪೆನ್ಷನ್ನಿನ ಮೇಲಿನ ಆರ್ಮ್ ಹತ್ತಿರ ಒಂದು, ಒಳ ಮಡ್‌ಗಾರ್ಡಿನ ಹಿಂದೆ ಮುಂದೆ ಎರಡು, ಹೊರ ಅಂಚಿನ ಒಳಮೈಗೆ ಒಂದು ಅಂಟಿಸಿ. ಇಬ್ಬರನ್ನ ಕೂರಿಸಿಕೊಂಡು ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಒಂದು ಹಂಪ್ ಹತ್ತಿಸಿ ಇಳಿಸಿ. ಆಮೇಲೆ ಉಂಡೆ ತೆಗೆದು ನೋಡಿ. ಟೈರ್ ಒತ್ತಿದ ಜಾಗದಲ್ಲಿ ಉಳಿದ ದಪ್ಪವೇ ನಿಮಗಿರೋ ಅಂತರ. ಐದು ಮಿ.ಮೀ.ಗಿಂತ ಕಮ್ಮಿ ಇದ್ದರೆ ನಾನು ಒಪ್ಪಲ್ಲ. ಜೋಳದ ಹಿಟ್ಟು ಬೇಡ, ಬಿರುಕು ಬಿಟ್ಟು ಉದುರುತ್ತೆ. ಅನುಭವ.

ಬೆಣ್ಣೆದೋಸೆ17 (ಐದು ವಾರದ ನಂತರ)

ತಡವಾಯ್ತು, ಕ್ಷಮಿಸಿ. ಬೋಲ್ಟ್ ಸಿಗೋಕೇ ಮೂರು ವಾರ ಹಿಡಿಯಿತು.

ಮುಂದೆ 10, ಹಿಂದೆ 15, ಎರಡೂ ಉಂಗುರ ಇರೋವು. ಬೋಲ್ಟ್ ಎಂ12 ದಾರ, 14ರ ಚೆಂಡು, ಎರಡು ಉದ್ದ. ಕಲಬೆರಕೆ ಆಗಬಾರದು ಅಂತ ಹಿಂದಿನವಕ್ಕೆ ಅಮ್ಮನ ಉಗುರು ಬಣ್ಣ ಹಚ್ಚಿದ್ದೇನೆ. ಮಾರ್ಕರ್ ಪರೀಕ್ಷೆ ಪಾಸ್, ಬಣ್ಣ ಅಗಲವಾಗಿ ಅಳಿಸಿತು.

ಸ್ಪೇಸರ್ ಮೊದಲ ಸಲ ಹಬ್ ಮೇಲೆ ಸರಿಯಾಗಿ ಕೂರಲಿಲ್ಲ, ಒಂದು ಕಡೆ ಉಗುರು ತೂರುವಷ್ಟು ಸಂದಿ. ಸ್ಪೇಸರ್ ತಪ್ಪು ಅಂತ ಬೈದುಕೊಂಡೆ. ನೋಡಿದರೆ ಹಬ್ ಉಂಗುರದ ಬುಡದಲ್ಲಿ ಇಪ್ಪತ್ತು ವರ್ಷದ ತುಕ್ಕು ಸುತ್ತಲೂ ಕಟ್ಟಿಕೊಂಡಿತ್ತು. ವೈರ್ ಬ್ರಷ್‌ನಲ್ಲಿ ಒಂದು ಗಂಟೆ ಉಜ್ಜಿದ ಮೇಲೆ ಟಪ್ ಅಂತ ಕೂತಿತು. ಆಮೇಲೆ ನಕ್ಷತ್ರ ಬಿಡಿಸೋ ಕ್ರಮದಲ್ಲಿ ಒಂದು ಬಿಟ್ಟು ಒಂದು ಬೋಲ್ಟ್, ಟಾರ್ಕ್ ವ್ರೆಂಚಿನಲ್ಲಿ 110 ನ್ಯೂಟನ್ ಮೀಟರ್‌ಗೆ ಬಿಗಿದೆ. ದಾರಕ್ಕೆ ಗ್ರೀಸ್, ಎಣ್ಣೆ ಏನೂ ಹಚ್ಚಿಲ್ಲ.

ಚಪಾತಿ ಹಿಟ್ಟಿನ ಫಲಿತಾಂಶ: ಒಳಗೆ ಅತಿ ತೆಳುವಾದ ಕಡೆ 8 ಮಿ.ಮೀ., ಹೊರ ಅಂಚಿನ ಉಂಡೆಗೆ ಟೈರ್ ಮುಟ್ಟಿಯೇ ಇಲ್ಲ. ಸರ್ರ್ ಶಬ್ದ ಹೋಯ್ತು. ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ ಹಳೇ ಸಿಕ್ಲಾಸ್ ಅಣ್ಣ ಹೇಳಿದ ಹಾಗೆ ಕಿವಿ ಕೊಟ್ಟೆ. ಟಕ್ ಇಲ್ಲ.

ಚಿತ್ರದುರ್ಗಕ್ಕೆ ಹೋಗಿ ಬಂದೆ. ಹೈವೇ ಎಡಗಡೆ ಲೇನಿನಲ್ಲಿ ಲಾರಿಗಳು ತುಳಿದ ಗೆರೆ ಇರುತ್ತಲ್ಲ, ಅಲ್ಲಿ ಸ್ಟೇರಿಂಗ್ ಮೊದಲಿಗಿಂತ ಜಾಸ್ತಿ ಎಳೆಯುತ್ತೆ. ಅದೊಂದು ಇಷ್ಟ ಆಗಲಿಲ್ಲ. ವಾಪಸ್ ಬಂದು ಬೋಲ್ಟ್ ಮತ್ತೆ ಬಿಗಿದಾಗ ಇಪ್ಪತ್ತರಲ್ಲಿ ಮೂರು ಸ್ವಲ್ಪ ತಿರುಗಿದವು, ಮೂರೂ ಎಡ ಹಿಂದಿನ ಚಕ್ರದವು.

ಹರಿಹರದ_ಟರ್ನರ್

ಎಳೆಯೋದು ಅಗಲ ಟೈರಿನ ಗುಣ, ಸ್ಪೇಸರ್‌ದಲ್ಲ. ಆ ಎಡ ಹಿಂದಿನದು ಬಿಚ್ಚಿ, ಹಬ್ ಮುಖ ಇನ್ನೊಮ್ಮೆ ಉಜ್ಜಿ. ತುಕ್ಕು ಉಳಿದಿರಬೇಕು. ಮತ್ತೆ 100 ಕಿ.ಮೀ. ಓಡಿಸಿ ನೋಡಿ. ಆಗಲೂ ತಿರುಗಿದರೆ ಓಡಿಸಬೇಡಿ, ಹರಿಹರಕ್ಕೆ ತಗೊಂಡು ಬನ್ನಿ.

ಹಳೇ_ಸಿಕ್ಲಾಸ್

ಹಳೇ ಬೋಲ್ಟ್ ಐದು ಒಂದು ಚೀಲದಲ್ಲಿ ಹಾಕಿ ಡಿಕ್ಕಿಯಲ್ಲಿ ಇಡಿ. ಪಂಕ್ಚರ್ ಆಗಿ ಸ್ಟೆಪ್ನಿ ಹಾಕುವಾಗ ಸ್ಪೇಸರ್ ತೆಗೆದು ಹಳೇ ಬೋಲ್ಟೇ ಹಾಕಬೇಕು. ಉದ್ದದ್ದು ಹಾಕಿದರೆ ನನ್ನ ಕಥೆಯೇ.

ಬೆಣ್ಣೆದೋಸೆ17

ಇಟ್ಟೆ. ಎಡ ಹಿಂದಿನದು ಬಿಚ್ಚಿ ನೋಡಿದೆ, ಬೋಲ್ಟ್ ತೂತಿನ ಪಕ್ಕ ಬೆರಳುಗುರಿನಷ್ಟು ತುಕ್ಕಿನ ಹಕ್ಕಳೆ ಉಳಿದಿತ್ತು. ಉಜ್ಜಿ ಬಿಗಿದೆ. 130 ಕಿ.ಮೀ. ಓಡಿದ ಮೇಲೆ ಒಂದೂ ತಿರುಗಿಲ್ಲ.

ಪಿಬಿ_ರೋಡ್_ಮಂಜ

ಆ ಹಳೇ 16 ಇಂಚಿನವು ಕೊಡ್ತೀರಾ? ನಮ್ಮ ಮಾವನ ಗಾಡಿಗೆ ಆಗಬಹುದು.

ಕೋಟೆ_ಕೆಳಗಿನ_ಕೇರಿ

ಮಂಜಣ್ಣ, ಮೊದಲು ಮಾವನ ಗಾಡಿಯ ಇಟಿ ಎಷ್ಟು ಹೇಳಿ.